ಕುಬಸದ ಫೋಟೋಗಳಿಗೆ ಬೀಗ

ಕೋಥರೂಡ, ಪುಣೆ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಆರಾಮ. ಅಲ್ಲಿಯ ಕ್ಷೇಮ ತಿಳಿಸುತ್ತಿರು. ನಿಪ್ಪಾಣಿ ದಾಟಿದರೆ ಅವ್ವನ ಪಾಲಿಗೆ ಪರದೇಶವೇ. ಹಾಗಾಗಿ ಪರದೇಶದ ಮಗಳ ಕಾಗದ ಬಂದಿದೆ ಅಂತ ಅವಳಿಗೂ ಓದಿ ಹೇಳು. ನಡುವಿನ ಕಂಪ್ಯೂಟರ್ ಪುರಾಣ ಬಿಟ್ಟರೂ ನಡೆದೀತು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ಅರ್ಧ ಕೇಳಿ "ಆತು ಬಿಡಕ್ಕ" ಅನ್ನುವವನು.

ತಂಗಿಯ ಕುಬಸಕ್ಕೆ ಬರಲಾಗದ ಸಂಕಟ ನೀನು ಪಾಸ್‌ವರ್ಡ್ ಹಾಕಿ ವೆಬ್‌ಸೈಟಿಗೆ ಏರಿಸಿದ ಫೋಟೋ ಗ್ಯಾಲರಿಯಿಂದ ಅರ್ಧ ಇಳಿಯಿತು. ಹಸಿರು ಇಳಕಲ್ ಸೀರೆಯಲ್ಲಿ ಅವಳ ಮುಖವೇ ಬೇರೆ ಕಾಣುತ್ತದೆ. ಮೇಲಿನ ಮನೆಯ ಹುಬ್ಬಳ್ಳಿ ಕಾಕು ನನ್ನ ಪಕ್ಕ ಕೂತು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದರು. "ಉಡಿ ತುಂಬೋ ಫೋಟೋ ಭಾಳ ಛಂದ ಬಂದದ, ನನ್ನ ಮಗಳಿಗೆ ತೋರಸ್ತೀನಿ, ಕಳಸು" ಅಂದರು. ಆ ಒಂದು ಚಿತ್ರದ ವಿಳಾಸವಷ್ಟನ್ನೇ ಕಾಪಿ ಮಾಡಿ ಕಳಿಸಿದೆ. ಪಾಸ್‌ವರ್ಡ್ ಹೇಳೋಣ ಅಂತ ಮೇಲೆ ಹೋದರೆ ಫೋಟೋ ಆಗಲೇ ಅವರ ಫೋನಿನಲ್ಲಿ ತೆರೆದು ಕೂತಿತ್ತು. ಪಾಸ್‌ವರ್ಡ್ ಯಾರೂ ಕೇಳಿರಲೇ ಇಲ್ಲ!

ನಿನ್ನ ಬೀಗ ಬಿದ್ದಿರುವುದು ಮುಂಬಾಗಿಲಿಗೆ. ಹಿತ್ತಲ ಬಾಗಿಲು ಹಾರುಹೊಡೆದಿದೆ. ಗ್ಯಾಲರಿಯ ಪುಟ ಪಾಸ್‌ವರ್ಡ್ ಕೇಳುತ್ತದೆ, ನಿಜ. ಆದರೆ ಕೇಳುವುದು ಪುಟದೊಳಗಿನ ಜಾವಾಸ್ಕ್ರಿಪ್ಟ್, ಅಂದರೆ ನೋಡುವವರ ಬ್ರೌಸರಿನಲ್ಲೇ ಓಡುವ ಪ್ರೋಗ್ರಾಮ್. ನಿನ್ನದು ಸ್ಟ್ಯಾಟಿಕ್ ಸೈಟ್, ಅಂದರೆ ಮೊದಲೇ ಸಿದ್ಧ ಮಾಡಿಟ್ಟ ಫೈಲುಗಳ ಸೈಟ್. ಅಲ್ಲಿ ಸರ್ವರ್ ಕೇಳಿದ ಫೈಲನ್ನು ಎತ್ತಿ ಕೊಡುತ್ತದೆ ಅಷ್ಟೇ. ಕೇಳಿದವರು ಯಾರು ಅಂತ ವಿಚಾರಿಸು ಎಂದು ಅದಕ್ಕೆ ನೀನು ಹೇಳಿಯೇ ಇಲ್ಲ. ಪುಟದ ಸೋರ್ಸ್ ತೆರೆದರೆ ನಿನ್ನ ಪಾಸ್‌ವರ್ಡ್ ಅಲ್ಲೇ ಇದೆ. ಅದೂ ಬೇಡ, ಫೋಟೋಗಳ ಹೆಸರೆಲ್ಲ ಕ್ಯಾಮೆರಾ ಕೊಟ್ಟ ಸಾಲು ಸಂಖ್ಯೆ. 0412 ನೋಡಿದವರಿಗೆ 0413 ಊಹಿಸಲು ಜಾಣತನ ಬೇಕಿಲ್ಲ.

ಸರ್ಚ್‌ನಲ್ಲಿ ಬರಬಾರದು ಅಂತ ರೋಬೋಟ್ಸ್ ಫೈಲ್ ಹಾಕಿದ್ದೀಯ. ಅದು ಇಂಥ ಫೋಲ್ಡರಿನೊಳಗೆ ಬರಬೇಡಿ ಅಂತ ಸರ್ಚ್ ಇಂಜಿನ್‌ಗಳಿಗೆ ಮಾಡುವ ಬರೀ ವಿನಂತಿ, ಒಳ್ಳೆಯವು ಮನ್ನಿಸುತ್ತವೆ. 2022ರಲ್ಲಿ ಅದಕ್ಕೊಂದು ಅಧಿಕೃತ ಮಾನದಂಡ ಬಂತು, ಆರ್‌ಎಫ್‌ಸಿ 9309. ಇದು ಪ್ರವೇಶ ತಡೆಯುವ ಸಾಧನವಲ್ಲ ಅಂತ ಅದರಲ್ಲೇ ಬರೆದಿದೆ. ಮೇಲಾಗಿ ಆ ಫೈಲನ್ನು ಯಾರು ಬೇಕಾದರೂ ಓದಬಹುದು. ಮುಚ್ಚಿಡಬೇಕಾದ ಫೋಲ್ಡರಿನ ಹೆಸರನ್ನು ನೀನೇ ಡಂಗುರ ಸಾರಿದ ಹಾಗಾಯಿತು.

ಗೂಢಲಿಪಿ ಮಾಡಿದರಾಯಿತು ಅಂತ ನೀನು ವಾದ ಮಾಡುತ್ತೀಯ, ಗೊತ್ತು. ಸ್ಟ್ಯಾಟಿಕ್ರಿಪ್ಟ್‌ನಂಥ ಉಪಕರಣ ಪುಟವನ್ನು ಎಇಎಸ್-256 ಎಂಬ ಗಟ್ಟಿ ಗೂಢಲಿಪಿಯಲ್ಲಿ ನಿಜವಾಗಿಯೂ ಮುಚ್ಚುತ್ತದೆ, ಅದರಲ್ಲಿ ಮೋಸವಿಲ್ಲ. ಆದರೆ ಅದು ಮುಚ್ಚುವುದು ಎಚ್‌ಟಿಎಂಎಲ್ ಪುಟವನ್ನು. ಪಕ್ಕದ ಫೋಲ್ಡರಿನ ಚಿತ್ರಗಳು ಹಾಗೇ ಉಳಿಯುತ್ತವೆ. ಚಿತ್ರಗಳನ್ನೂ ಪುಟದೊಳಗೆ ತುರುಕಬೇಕೆಂದರೆ ಬೇಸ್64 ಮಾಡಬೇಕು, ಅಂದರೆ ಅಕ್ಷರಗಳಾಗಿ ಬರೆಯಬೇಕು, 3 ಬೈಟಿಗೆ 4 ಅಕ್ಷರ. 4 ಎಂಬಿಯ 300 ಫೋಟೋ ಅಂದರೆ 1,200 ಎಂಬಿ, ಅದು 1,600 ಆಗುತ್ತದೆ. ಬೈಲಹೊಂಗಲದ ಮಾವನ ಫೋನಿನಲ್ಲಿ ಆ ಪುಟ ತೆರೆಯುವಷ್ಟರಲ್ಲಿ ತಂಗಿಯ ಮಗು ಶಾಲೆಗೆ ಹೊರಟಿರುತ್ತದೆ.

ದಾರಿ ಸರಳವಿದೆ. ಅಪ್ಪನ ಅಂಗಡಿಯ ವೆಬ್‌ಸೈಟಿಗೆ ವರ್ಷ ವರ್ಷ ದುಡ್ಡು ಕಟ್ಟುತ್ತೇವಲ್ಲ, ಆ ಸರ್ವರಿನಲ್ಲಿ ಓಡುವುದು ಅಪಾಚೆ ಎಂಬ ಸಾಫ್ಟ್‌ವೇರ್. ಗ್ಯಾಲರಿಯನ್ನು ಅಲ್ಲಿಗೆ ಒಯ್ಯಿ. ಅದನ್ನು ನಿಭಾಯಿಸುವ ಸಿಪ್ಯಾನೆಲ್ ಒಳಗೆ 'ಡೈರೆಕ್ಟರಿ ಪ್ರೈವಸಿ' ಅಂತ ಇದೆ. ಫೋಲ್ಡರ್ ಆರಿಸಿ ಒಂದು ಹೆಸರು, ಒಂದು ಪಾಸ್‌ವರ್ಡ್ ಕೊಟ್ಟರೆ ಸರ್ವರಿಗೆ ನಿಯಮ ಹೇಳುವ ಎಚ್‌ಟಿಆಕ್ಸೆಸ್ ಫೈಲನ್ನು ಅದೇ ಬರೆದುಕೊಳ್ಳುತ್ತದೆ. ಆಮೇಲೆ ಆ ಫೋಲ್ಡರಿನ ಯಾವ ಫೈಲ್ ಕೇಳಿದರೂ, ಪುಟವಿರಲಿ ಫೋಟೋ ಇರಲಿ, ಸರ್ವರೇ ಮೊದಲು ಪಾಸ್‌ವರ್ಡ್ ಕೇಳುತ್ತದೆ. ಚಿಕ್ಕ ಚಿತ್ರಗಳ ಥಂಬ್‌ನೇಲ್ ಫೋಲ್ಡರನ್ನೂ ಅದರೊಳಗೇ ಇಡು. ನೀನು ಅದನ್ನು ಹೊರಗೆ ಬೇರೆ ಇಟ್ಟಿದ್ದೀಯ.

ಎಚ್‌ಟಿಟಿಪಿಎಸ್ ಮಾತ್ರ ಕಡ್ಡಾಯ, ಅಂದರೆ ದಾರಿಯಲ್ಲಿ ಯಾರೂ ಓದಲಾಗದ ಹಾಗೆ ಮುಚ್ಚಿದ ಸಂಪರ್ಕ. ಈ ಪದ್ಧತಿಯಲ್ಲಿ ಪಾಸ್‌ವರ್ಡ್ ಬರೀ ಬೇಸ್64ನಲ್ಲಿ ಹೋಗುತ್ತದೆ. ಅದು ವೇಷವೇ ಹೊರತು ಗುಟ್ಟಲ್ಲ, ದಾರಿಯಲ್ಲಿ ಹಿಡಿದವರು ಕ್ಷಣದಲ್ಲಿ ಬಿಡಿಸಿಕೊಳ್ಳುತ್ತಾರೆ. ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಪುಕ್ಕಟೆ ಸಿಗುತ್ತದೆ, ನೆಪ ಹೇಳಬೇಡ.

ಈಗಿನ ಜಾಗದಿಂದ ಫೋಟೋ ಅಳಿಸಿದರೆ ಸಾಲದು. ನೀನು ಫೈಲುಗಳನ್ನು ಇಟ್ಟಿರುವ ಗಿಟ್ ವ್ಯವಸ್ಥೆ ಹಳೆಯದೆಲ್ಲವನ್ನೂ ಇತಿಹಾಸದಲ್ಲಿ ಇಟ್ಟುಕೊಂಡಿರುತ್ತದೆ, ರೆಪಾಸಿಟರಿಯನ್ನೇ, ಅಂದರೆ ಅಲ್ಲಿಯ ಇಡೀ ಸಂಗ್ರಹವನ್ನೇ ತೆಗೆದುಹಾಕು. ಇನ್ನೊಂದು, ಫೋಟೋಗ್ರಾಫರ್ ಕೊಟ್ಟ ಚಿತ್ರಗಳಲ್ಲಿ ಜಾಗದ ಮಾಹಿತಿ ಇಲ್ಲ, ಆದರೆ ಮಾವ ಫೋನಿನಲ್ಲಿ ತೆಗೆದು ಡಾಕ್ಯುಮೆಂಟ್ ಆಗಿ ಕಳಿಸಿದವುಗಳಲ್ಲಿ ನಮ್ಮ ಮನೆಯ ಅಕ್ಷಾಂಶ ರೇಖಾಂಶ ಸಮೇತ ಇದೆ. ಎಕ್ಸಿಫ್‌ಟೂಲ್ ಓಡಿಸಿ ಜಿಪಿಎಸ್ ಮಾಹಿತಿ ಕಿತ್ತುಹಾಕಿದ ಮೇಲೆಯೇ ಏರಿಸು. ಪಾಸ್‌ವರ್ಡನ್ನು ಲಿಂಕಿನ ಜೊತೆ ಒಂದೇ ಮೆಸೇಜಿನಲ್ಲಿ ಕಳಿಸಬೇಡ. ನಮ್ಮ ಮಂದಿ ಎರಡನ್ನೂ ಒಟ್ಟಿಗೇ ಫಾರ್ವರ್ಡ್ ಮಾಡುತ್ತಾರೆ. ಫೋನ್ ಮಾಡಿ ಹೇಳು, ಹಾಗಾದರೂ ನಾಲ್ಕು ಮಾತಾಡಿದ ಹಾಗಾಗುತ್ತದೆ.

ಇಷ್ಟೆಲ್ಲ ಮಾಡುವ ಮೊದಲು ತಂಗಿಯನ್ನು ಕೇಳು. ತುಂಬಿದ ಬಸುರಿ, ಯಾವ ಫೋಟೋ ಯಾರು ನೋಡಬೇಕು ಅನ್ನುವುದು ಅವಳ ಇಷ್ಟ. ಅವಳು ಬೇಡ ಅಂದದ್ದು ಬೀಗದೊಳಗೂ ಬೇಡ.

ಅಜ್ಜಿಗೆ ಈ ಪಾಸ್‌ವರ್ಡಿನ ಗೊಡವೆ ಬೇಡ. ಒಳ್ಳೆಯ ಹತ್ತು ಫೋಟೋ ಆರಿಸಿ, ಕನ್ನಡಕವಿಲ್ಲದೆ ಕಾಣುವಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಡು, ದುಡ್ಡು ನಾನು ಕಳಿಸುತ್ತೇನೆ. ಅವ್ವ ಕೇಳಿದ ಬಾಕರವಡಿ, ತಂಗಿಗೆ ತೆಗೆದ ಹತ್ತಿ ಸೀರೆ ಎರಡನ್ನೂ ಶನಿವಾರ ಊರಿಗೆ ಬರುವ ಕಾಕುವಿನ ಅಳಿಯನ ಕೈಯಲ್ಲಿ ಕೊಟ್ಟಿರುತ್ತೇನೆ. ಬಸ್ ಸ್ಟ್ಯಾಂಡಿಗೆ ಹೋಗಿ ಇಸಿದುಕೋ.

ಇಂತಿ,
ನಿನ್ನ ಅಕ್ಕ