ಸಂಕಟ ಅಂದರೆ ಸುಮ್ನೆ ಬಿಡಬೇಡ, ಶಿವು

ಪ್ರೀತಿಯ ಶಿವು,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಕೊರಗಿ ಕೊರಗಿ ಯಾರಾದ್ರೂ ಸಾಯ್ತಾರೇನೋ?" ಅಂತ ನೀನಂದೆ. "ಹಂಗೆಲ್ಲ ಏನೂ ಆಗಲ್ಲ ಬಿಡು" ಅಂತ ನಾನು ಅಂದುಬಿಟ್ಟೆ. ನಿಮ್ಮಪ್ಪ ಹೋಗಿ ಇನ್ನೂ ಹನ್ನೆರಡು ದಿನ. ಅಂಥ ಹೊತ್ತಲ್ಲಿ ಇನ್ನೇನು ಹೇಳಲಿ ಅನ್ನಿಸಿತು. ಆದರೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ನಾನು ಹೇಳಿದ್ದು ಸುಳ್ಳು. ಸಾಯುತ್ತಾರೆ ಕಣೋ. ನಮ್ಮಪ್ಪ ಹಾಗೇ ಹೋದದ್ದು.

ನಮ್ಮವ್ವ ತೀರಿಕೊಂಡಾಗ ನೀನು ದುಬೈಯಲ್ಲಿದ್ದೆ. ಆಮೇಲಿನದು ನಿನಗೆ ಪೂರ್ತಿ ಗೊತ್ತಿಲ್ಲ. ಮೂರನೇ ದಿನ ಹಾಲು ತುಪ್ಪ, ಪಶ್ಚಿಮವಾಹಿನಿಯಲ್ಲಿ ಅಸ್ಥಿ, ಹನ್ನೊಂದಕ್ಕೆ ತಿಥಿ. ಎಲ್ಲದಕ್ಕೂ ಅಪ್ಪ ನೆಟ್ಟಗೆ ನಿಂತಿದ್ದ. ನೆಂಟರೆಲ್ಲ ಹೊರಟ ಮೇಲೆ ಜಗಲಿ ಮೇಲೆ ಕೂತು, ಎದೆ ಸವರಿಕೊಳ್ಳುತ್ತಾ "ಯಾಕೋ ಸಂಕಟ ಕಣಪ್ಪ" ಅಂದ. ನಮ್ಮೆಲ್ಲರ ಕಣ್ಣಲ್ಲೂ ನೀರು ಬಂತು. ಅಷ್ಟು ವರ್ಷ ಜೊತೆಗಿದ್ದವಳು ಹೋದ ಮೇಲೆ ಸಂಕಟ ಆಗದೆ ಇರುತ್ತಾ ಅಂದುಕೊಂಡೆವು. ಅಕ್ಕ ಮಜ್ಜಿಗೆ ತಂದುಕೊಟ್ಟಳು. ಮಾರನೇ ದಿನವೂ ಅದೇ ಮಾತು. ಮುದ್ದೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

ನಮ್ಮಲ್ಲಿ ಸಂಕಟ ಅಂದರೆ ದುಃಖವೂ ಹೌದು, ಎದೆ ಹೊಟ್ಟೆ ಹಿಂಡುವ ನೋವೂ ಹೌದು, ಅಲ್ವಾ? ಅಪ್ಪ ಹೇಳಿದ್ದು ಒಂದು, ನಾವು ಕೇಳಿಸಿಕೊಂಡದ್ದು ಇನ್ನೊಂದು.

ಅವ್ವ ಹೋದ 19ನೇ ದಿನ ಬೆಳಗಿನ ಜಾವ ಎದ್ದು ನೀರು ಕೇಳಿದ. ಮೈಯೆಲ್ಲ ಬೆವರು. ಮಂಡ್ಯ ಮುಟ್ಟುವ ಮೊದಲೇ ಮುಗಿದಿತ್ತು. ಡಾಕ್ಟರು ಹಾರ್ಟ್ ಅಟ್ಯಾಕ್ ಅಂದರು. ಊರವರು ಹೆಂಡ್ತಿ ಕೊರಗಲ್ಲೇ ಹೋದ ಅಂದರು. ಇಬ್ಬರೂ ಹೇಳಿದ್ದು ಒಂದೇ ಅಂತ ನನಗೆ ಈಗ ಅನ್ನಿಸುತ್ತದೆ.

ಆಮೇಲೆ ಒಂದು ದಿನ ಅಡುಗೆಮನೆ ಗೂಡಿನಲ್ಲಿ ಅವ್ವನ ಬಿಸ್ಕತ್ತು ಡಬ್ಬಿ ಸಿಕ್ಕಿತು. ಅಪ್ಪನ ಬಿಪಿ ಮಾತ್ರೆ ಅದರಲ್ಲಿರುತ್ತಿತ್ತು. ಅವ್ವನಿಗೆ ಓದು ಬರುತ್ತಿರಲಿಲ್ಲ, ಬಣ್ಣ ನೋಡಿ ಗುರುತು ಹಿಡಿಯುತ್ತಿದ್ದಳು. ಬೆಳಿಗ್ಗೆ ಕಾಫಿ ಆದ ಮೇಲೆ ಮಾತ್ರೆಯನ್ನು ಅಪ್ಪನ ಅಂಗೈಗೆ ಹಾಕಿ, ಅವನು ನುಂಗುವವರೆಗೂ ಎದುರಿಗೇ ನಿಂತಿರುತ್ತಿದ್ದಳು. ಡಬ್ಬಿಯಲ್ಲಿ ಹತ್ತು ಮಾತ್ರೆಯ ಒಂದು ಶೀಟು ಇತ್ತು. ನಾಲ್ಕು ಒಡೆದಿದ್ದವು, ಆರು ಹಾಗೇ ಇದ್ದವು. ಜೊತೆಗಿದ್ದ ಬಿಲ್ಲಿನ ತಾರೀಖು ಅವ್ವ ಹೋಗುವುದಕ್ಕೆ ನಾಲ್ಕು ದಿನ ಮುಂಚಿನದು. ಅವ್ವ ಎಲ್ಲಿಗೆ ನಿಲ್ಲಿಸಿದ್ದಳೋ ಅಲ್ಲಿಗೇ ನಿಂತಿತ್ತು. ನಾವು ಮೂರು ಜನ ಮಕ್ಕಳು ಆಗ ಮನೆಯಲ್ಲೇ ಇದ್ದೆವು ಶಿವು. "ಮಾತ್ರೆ ತಗೊಂಡ್ಯಾ ಅಪ್ಪ" ಅಂತ ಒಬ್ಬರೂ ಕೇಳಿರಲಿಲ್ಲ.

ಅವತ್ತಿನಿಂದ ಈ ವಿಷಯ ಎಲ್ಲಿ ಸಿಕ್ಕರೂ ಓದುತ್ತೇನೆ. ಇಂಗ್ಲೆಂಡ್ ಕಡೆ ಹೆಂಡತಿ ಕಳೆದುಕೊಂಡ, 55 ವರ್ಷ ದಾಟಿದ 4,486 ಗಂಡಸರ ಲೆಕ್ಕ ಇಟ್ಟಿದ್ದರು. 1969ರಲ್ಲಿ ಪ್ರಕಟವಾಯಿತು. ಮೊದಲ ಆರು ತಿಂಗಳಲ್ಲೇ 213 ಜನ ಹೋಗಿದ್ದರು. ಹೆಂಡತಿ ಇರುವ ಅದೇ ವಯಸ್ಸಿನವರಿಗಿಂತ ಇದು ಶೇ 40ರಷ್ಟು ಜಾಸ್ತಿ. ಎಲ್ಲಕ್ಕಿಂತ ಹೆಚ್ಚಿದ್ದು ಹೃದಯದ ಕಾಯಿಲೆಯ ಸಾವು. ಆರು ತಿಂಗಳು ದಾಟಿದ ಮೇಲೆ ನಿಧಾನವಾಗಿ ಇಳಿಯಿತು. 2012ರಲ್ಲಿ ಅಮೆರಿಕದವರು ನೋಡಿದಾಗ, ತುಂಬ ಬೇಕಾದವರು ಸತ್ತ ಮೊದಲ 24 ಗಂಟೆಯಲ್ಲಿ ಹಾರ್ಟ್ ಅಟ್ಯಾಕ್ ಆಗುವ ಸಾಧ್ಯತೆ ಮಾಮೂಲಿ ದಿನಗಳಿಗಿಂತ 21 ಪಟ್ಟು ಇತ್ತಂತೆ. ಬಿಪಿ ಏರುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ, ನಿದ್ದೆ ಊಟ ಇರುವುದಿಲ್ಲ. ಮಾತ್ರೆ ಮರೆಯುತ್ತಾರೆ. ಅದನ್ನು ನಾನು ಕಣ್ಣಾರೆ ಕಂಡೆ.

ನಿಮ್ಮವ್ವನಿಗೆ ಸಂಬಂಧಪಟ್ಟದ್ದು ಇನ್ನೊಂದಿದೆ. 1990ರಲ್ಲಿ ಜಪಾನಿನ ಡಾಕ್ಟರುಗಳು ಟಾಕೋತ್ಸುಬೋ ಅಂತ ಹೆಸರಿಟ್ಟ ಕಾಯಿಲೆ. ಟಾಕೋತ್ಸುಬೋ ಅಂದರೆ ಅಲ್ಲಿನ ಬೆಸ್ತರು ಆಕ್ಟೋಪಸ್ ಹಿಡಿಯಲು ಇಡುವ ಮಡಕೆ. ಕತ್ತು ಸಣ್ಣ, ತಳ ದುಂಡಗೆ. ಮನಸ್ಸಿಗೆ ದೊಡ್ಡ ಪೆಟ್ಟು ಬಿದ್ದಾಗ ಅಡ್ರಿನಲಿನ್ ಅನ್ನೋ ಹಾರ್ಮೋನು ಒಮ್ಮೆಲೇ ರಕ್ತಕ್ಕೆ ನುಗ್ಗಿ, ಹೃದಯದ ಎಡಗಡೆಯ ಕೆಳತುದಿ ಸೋತು ಉಬ್ಬಿಕೊಳ್ಳುತ್ತದೆ. ಆಗ ಅದು ಥೇಟ್ ಆ ಮಡಕೆಯ ಥರ ಕಾಣುತ್ತದೆ. ಎದೆನೋವು, ಉಸಿರು ಕಟ್ಟುವುದು, ಇಸಿಜಿ, ಎಲ್ಲ ಹಾರ್ಟ್ ಅಟ್ಯಾಕಿನ ಹಾಗೇ. ಆಂಜಿಯೋಗ್ರಾಮ್ ಮಾಡಿದರೆ ಮಾತ್ರ ಅದಕ್ಕೆ ಕಾರಣವಾಗುವಂಥ ಬ್ಲಾಕ್ ಸಿಗುವುದಿಲ್ಲ. 2015ರಲ್ಲಿ ಇಂಥ 1,750 ಜನರ ವಿವರ ಬಂತು. ನೂರಕ್ಕೆ ತೊಂಬತ್ತು ಹೆಂಗಸರು, ಸರಾಸರಿ ವಯಸ್ಸು 66ರ ಮೇಲೆ. ಆಸ್ಪತ್ರೆಯಲ್ಲೇ ತೀರಿಕೊಂಡವರು ನೂರಕ್ಕೆ ನಾಲ್ಕು. ಹೊತ್ತಿಗೆ ಸರಿಯಾಗಿ ತೋರಿಸಿದರೆ ಹೆಚ್ಚಿನವರ ಹೃದಯ ಕೆಲವೇ ವಾರಗಳಲ್ಲಿ ಮೊದಲಿನಂತೆ ಆಗುತ್ತದೆ.

ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ. ದುಃಖ ಬಂದವರಲ್ಲಿ ಬಹಳ ಜನ ಬದುಕುತ್ತಾರೆ, ನಿಮ್ಮವ್ವನೂ ಬದುಕುತ್ತಾರೆ. ಆದರೆ ರಾತ್ರಿ ಎದೆ ಹಿಡಿದ ಹಾಗಾಗುತ್ತೆ ಅಂತ ಅವರು ಎರಡು ಸಲ ಹೇಳಿದರು ಅಂದೆಯಲ್ಲ, ಅದನ್ನು ದುಃಖಕ್ಕೆ ಹಾಕಿ ಸುಮ್ಮನಿರಬೇಡ. ಗ್ಯಾಸ್ಟ್ರಿಕ್ ಅಂತ ಜೀರಿಗೆ ನೀರು ಕುಡಿಸಿ ಮಲಗಿಸಲೂ ಬೇಡ. ಗಂಡ ಹೋದ ಹೆಂಗಸು ಇಷ್ಟು ಬೇಗ ಹೊಸಿಲು ದಾಟಬಾರದು ಅಂತ ನಿಮ್ಮ ದೊಡ್ಡಮ್ಮ ಅಂದರಂತೆ. ದೊಡ್ಡವರು, ಎದುರು ಮಾತಾಡುವುದು ಕಷ್ಟ. ಆದರೂ ಇದೊಂದು ಮಾತು ಕೇಳಬೇಡ. ಮೈಸೂರಿನಲ್ಲೇ ಇದ್ದೀಯ, ಒಳ್ಳೇ ಹೃದಯದ ಆಸ್ಪತ್ರೆ ಊರೊಳಗೇ ಇದೆ. ಇವತ್ತೇ ಕರೆದುಕೊಂಡು ಹೋಗು. ಹನ್ನೆರಡು ದಿನದ ಹಿಂದೆ ಮನೆಯವರು ಹೋದರು ಅನ್ನುವುದನ್ನೂ ಡಾಕ್ಟರಿಗೆ ಹೇಳು. ಹೊರಡುವುದಕ್ಕೆ ಮುಂಚೆಯೇ ನೋವು ಬಂದರೆ ಕಾರು ಹುಡುಕುತ್ತಾ ನಿಲ್ಲಬೇಡ, 108ಕ್ಕೆ ಫೋನ್ ಮಾಡು.

ನಾಳೆ ಬೆಳಗಿನ ಟ್ರೈನಿಗೆ ಮಂಡ್ಯದಿಂದ ಹೊರಡುತ್ತೇನೆ. ನಿಮ್ಮವ್ವನ ಮಾತ್ರೆ ಡಬ್ಬಿ ಎಲ್ಲಿದೆ ಅಂತ ಹುಡುಕಿಡು. ಬಂದ ತಕ್ಷಣ ಇಬ್ಬರೂ ಕೂತು ಒಂದೊಂದೇ ಶೀಟು ಎಣಿಸೋಣ.

ನಿನ್ನ,
ಮಹೇಶ