ಪುಟ್ಟಿಗೆ, ಓಟಕ್ಕೆ ಮುಂಚೆ ಒಂದಿಷ್ಟು ಮಾತು

ಪ್ರೀತಿಯ ಪುಟ್ಟಿ,

ನಮ್ಮಕ್ಕ, ಅಂದ್ರೆ ನಿಮ್ಮಮ್ಮ, ನಿನ್ನೆ ಫೋನ್ ಮಾಡಿದ್ಲು. ನೀನು ಏಪ್ರಿಲ್ ಕೊನೇಲಿ ನಮ್ಮ ಬೆಂಗಳೂರಲ್ಲಿ ನಡೆಯೋ ವರ್ಲ್ಡ್ 10ಕೆ ಅನ್ನೋ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದೀಯಂತೆ, ಅದರ ಜೊತೆಗೆ ಕಿವಿ ಕೇಳಿಸದ ಮಕ್ಕಳ ಸ್ಕೂಲಿಗೆ ದುಡ್ಡು ಎತ್ತಿ ಕೊಡ್ತೀನಿ ಅಂತಾನೂ ಒಪ್ಕೊಂಡಿದೀಯಂತೆ. ತುಂಬಾ ಖುಷಿ ಆಯ್ತು ಕಣೆ. ವರ್ಷಾನುಗಟ್ಟಲೆ ಆ ಓಟಗಳಲ್ಲಿ ನೀರಿನ ಟೇಬಲ್ ಹಿಂದೆ ನಿಂತು ಲೋಟ ಕೊಟ್ಟಿರೋನು ನಾನು, ನಮ್ಮನೆ ಹುಡುಗಿ ಒಬ್ಬಳು ಆ ಕಡೆಯಿಂದ ಓಡ್ಕೊಂಡು ಬರ್ತಾಳೆ ಅಂದ್ರೆ ನಂಗೆ ಎಷ್ಟು ಹೆಮ್ಮೆ ಆಗಿರಬೇಡ. ಫೋನಲ್ಲಿ ಹೇಳಿದ್ರೆ ಅರ್ಧ ಮಾತು ಟ್ರಾಫಿಕ್ ಸದ್ದಲ್ಲಿ ಹೋಗುತ್ತೆ, ಅದಕ್ಕೇ ಕೂತು ಬರೀತಿದೀನಿ, ಉದ್ದ ಆದ್ರೂ ಪೂರ್ತಿ ಓದು.

ಮೊದಲು ಡಾಕ್ಟರ್ ವಿಷಯ ಮುಗಿಸಿಬಿಡ್ತೀನಿ. ನಿಮ್ಮ ತಾತಂಗೆ ಹಾರ್ಟ್ ಪ್ರಾಬ್ಲಮ್ ಇದ್ದಿದ್ದು ನಿಂಗೆ ಗೊತ್ತು, ಹಾಗಾಗಿ ಒಂದು ಇಸಿಜಿ, ಬಿಪಿ, ಜೊತೆಗೆ ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸ್ಕೊಂಡೇ ಶುರು ಮಾಡು. 2021ರ ಅಕ್ಟೋಬರಲ್ಲಿ ಅಪ್ಪು ಹೋದಾಗ ಇಡೀ ಊರೇ ಹೆದರಿ ಜಯದೇವ ಆಸ್ಪತ್ರೆ ಮುಂದೆ ಕ್ಯೂ ನಿಂತಿತ್ತು, ಆಮೇಲೆ ಎಲ್ಲಾ ಮರೆತೇಬಿಟ್ರು. ನೀನು ಮರೀಬೇಡ. ಹಿಮೋಗ್ಲೋಬಿನ್ ಯಾಕೆ ಹೇಳ್ತಿದೀನಿ ಅಂದ್ರೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇದೆ ಅಂತ ಬಂದಿದೆ. ರಕ್ತದಲ್ಲಿ ಆಕ್ಸಿಜನ್ ಹೊರೋದೇ ಈ ಹಿಮೋಗ್ಲೋಬಿನ್, ಅದು ಕಮ್ಮಿ ಇದ್ರೆ ಎಷ್ಟು ಪ್ರಾಕ್ಟೀಸ್ ಮಾಡಿದ್ರೂ ಉಸಿರು ಕಟ್ಟುತ್ತೆ, ಎಷ್ಟೋ ಹುಡುಗೀರು ನಂಗೆ ಸ್ಟ್ಯಾಮಿನಾನೇ ಇಲ್ಲ ಅಂತ ತಮ್ಮನ್ನೇ ಬೈಕೊಂಡು ಓಟಾನೇ ಬಿಟ್ಟುಬಿಡ್ತಾರೆ, ಬೇಕಾಗಿದ್ದಿದ್ದು ಮಾತ್ರೆ ಮತ್ತೆ ಸರಿಯಾದ ಊಟ ಅಷ್ಟೇ. ಇನ್ನೂ ಎರಡು ತಿಂಗಳಿದೆ, ಈಗ ಗೊತ್ತಾದ್ರೆ ಸರಿ ಮಾಡ್ಕೋಬೋದು. ಒಂದು ವೇಳೆ ಡಾಕ್ಟರು ಈ ಸಲ ಬೇಡ ಅಂದ್ರೆ ಬೇಡ, ಕೊಟ್ಟ ಫೀಸಿನ ಮುಖ ನೋಡ್ಬೇಡ.

ಪ್ರಾಕ್ಟೀಸ್ ಬಗ್ಗೆ ಯೂಟ್ಯೂಬಲ್ಲಿ ನಂಗಿಂತ ಜಾಸ್ತಿ ನೋಡಿರ್ತೀಯ, ನಾನು ಒಂದೇ ಹೇಳ್ತೀನಿ, ನಿಧಾನಕ್ಕೆ ಓಡು. ಓಡೋವಾಗ ಪಕ್ಕದಲ್ಲಿ ಇರೋರ ಜೊತೆ ಒಂದು ಮಾತು ಪೂರ್ತಿ ಹೇಳಕ್ಕೆ ಆಗ್ಬೇಕು, ಆಗ್ತಿಲ್ಲ ಅಂದ್ರೆ ಸ್ಪೀಡ್ ಜಾಸ್ತಿ ಆಯ್ತು ಅಂತಾನೇ ಲೆಕ್ಕ. ಮಧ್ಯೆ ಮಧ್ಯೆ ನಡೆಯೋದಕ್ಕೆ ನಾಚ್ಕೋಬೇಡ. 1972ರ ಮ್ಯೂನಿಕ್ ಒಲಿಂಪಿಕ್ಸಲ್ಲಿ 10,000 ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೋವೇ ಅನ್ನೋರೇ ಸ್ವಲ್ಪ ಓಡಿ ಸ್ವಲ್ಪ ನಡೀರಿ ಅಂತ ಸಾವಿರಾರು ಜನಕ್ಕೆ ಕಲಿಸಿದ್ದು, ಸುಸ್ತಾದ ಮೇಲೆ ನಡೆಯೋದಲ್ಲ, ಸುಸ್ತಾಗೋಕ್ಕೆ ಮುಂಚೆನೇ ಒಂದು ನಿಮಿಷ ನಡೆದುಬಿಡೋದು. ವಾರದಲ್ಲಿ ಮೂರು ದಿನ ಸಾಕು. ವಾರದ ದಿನ ಬೆಳ್ಳಂದೂರು ರೋಡಲ್ಲಿ ಓಡ್ಬೇಡಮ್ಮ, ಆ ಫುಟ್‌ಪಾತ್ ಚಪ್ಪಡಿ, ಬೀದಿನಾಯಿ, ರಾಂಗ್ ಸೈಡಲ್ಲಿ ಬರೋ ಸ್ಕೂಟರು, ಯಾವುದೂ ನೆನೆಸ್ಕೊಂಡ್ರೇ ಭಯ ಆಗುತ್ತೆ, ಅಪಾರ್ಟ್‌ಮೆಂಟ್ ಒಳಗೇ ಸುತ್ತು ಹಾಕು. ಭಾನುವಾರ ಕಬ್ಬನ್ ಪಾರ್ಕಿಗೆ ಬಾ, ಮರದ ಕೆಳಗೆ ಮಣ್ಣಿನ ದಾರಿ ಇದೆ, ಮಂಡಿಗೆ ಅದು ಒಳ್ಳೇದು. ಏರು ಅಭ್ಯಾಸ ಆಗ್ಲಿ ಅಂದ್ರೆ ಲಾಲ್‌ಬಾಗಲ್ಲಿ ಕೆಂಪೇಗೌಡರ ಗೋಪುರ ಇರೋ ಬಂಡೆ ಇದ್ಯಲ್ಲ, ಅದನ್ನ ನಡ್ಕೊಂಡು ಹತ್ತಿ ಇಳಿ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿರೋದ್ರಿಂದ ಬೆಳಿಗ್ಗೆ ತಂಪಿರುತ್ತೆ ನಿಜ, ಆದ್ರೆ ಏಪ್ರಿಲ್ ಅಂದ್ರೆ ಇಲ್ಲಿ ವರ್ಷದಲ್ಲೇ ಜಾಸ್ತಿ ಬಿಸಿಲಿನ ತಿಂಗಳು, ಸೂರ್ಯ ಮೇಲೆ ಬಂದ ಮೇಲೆ ಕೊನೇ ಮೂರು ಕಿಲೋಮೀಟರ್ ಎಲ್ರನ್ನೂ ಹಿಂಡಿಬಿಡುತ್ತೆ.

ಈಗ ನಾನು ಈ ಪತ್ರ ಬರೆಯೋಕ್ಕೆ ಕಾರಣ ಆದ ವಿಷಯಕ್ಕೆ ಬರ್ತೀನಿ. ಬರೀ ಓಟ ಆಗಿದ್ರೆ ನಿನ್ನಿಷ್ಟ, ನಿನ್ನ ಕಾಲು, ನಿನ್ನ ಟೈಮು. ಇನ್ನೊಬ್ಬರ ಹೆಸರು ಹೇಳಿ ಮತ್ತೊಬ್ಬರ ಹತ್ರ ದುಡ್ಡು ಕೇಳ್ತೀನಿ ಅಂತ ಒಪ್ಕೊಂಡ ಮೇಲೆ ಅದು ನಿನ್ನೊಬ್ಬಳದ್ದಾಗಿ ಉಳಿಯಲ್ಲ ಪುಟ್ಟಿ. ನೀನು ಕಟ್ಟಿರೋ ಎಂಟ್ರಿ ಫೀಸು ದಾನ ಅಲ್ಲ, ಅದು ಟೀ ಶರ್ಟು, ಮೆಡಲು, ರೋಡ್ ಬಂದೋಬಸ್ತು, ಟೈಮಿಂಗ್ ಚಿಪ್ಪು ಇಂಥದ್ದಕ್ಕೆ ಹೋಗುತ್ತೆ. ನಾನು ಫೀಸು ಕಟ್ಟಿದೀನಿ ಅಂದ್ರೆ ಮಕ್ಕಳಿಗೆ ಕೊಟ್ಟ ಹಾಗೇ ಅಂತ ಎಷ್ಟೋ ಜನ ಅಂದ್ಕೊಂಡಿರ್ತಾರೆ. 2008ರಿಂದ ನಡೀತಿರೋ ಈ ವರ್ಲ್ಡ್ 10ಕೆಲಿ ಸೇವಾಸಂಸ್ಥೆಗಳಿಗೆ ದುಡ್ಡು ಎತ್ತೋ ಕೆಲಸಾನ ಇಂಡಿಯಾ ಕೇರ್ಸ್ ಫೌಂಡೇಷನ್ ನೋಡ್ಕೊಳುತ್ತೆ, ಅಲ್ಲಿ ನಿನ್ನ ಸ್ಕೂಲಿನ ಹೆಸರು ಇದ್ಯಾ ಅಂತ ನೋಡ್ಕೊ. ಸಣ್ಣಪುಟ್ಟ ವಾಕಥಾನ್‌ಗಳಲ್ಲಿ ಇಷ್ಟೂ ವ್ಯವಸ್ಥೆ ಇರಲ್ಲ. ನಮ್ಮ ಕಡೆ ಒಂದು ಆಸ್ಪತ್ರೆಗೆ ದುಡ್ಡು ಎತ್ತಕ್ಕೆ ಅಂತ ಒಂದು ವಾಕಥಾನ್ ಆಯ್ತು, ಹೆಸರು ಬೇಡ, ಸರ್ಕಲ್ ಸರ್ಕಲಿಗೂ ಫ್ಲೆಕ್ಸು, ಸ್ಟೇಜು, ಡಿಜೆ, ಎಲ್ರಿಗೂ ಕ್ಯಾಪು. ಕಡೇಗೆ ಆಸ್ಪತ್ರೆಗೆ ಎಷ್ಟು ಹೋಯ್ತು ಸ್ವಾಮಿ ಅಂತ ಕೇಳಿದ್ರೆ ಆರ್ಗನೈಸರ್ಸ್ ಹತ್ರ ಉತ್ತರಾನೇ ಇರ್ಲಿಲ್ಲ. ಅವತ್ತಿಂದ ನಂಗೆ, ಲೆಕ್ಕ ಕೇಳೋದು ಒರಟುತನ ಅಲ್ಲ, ಕೇಳದೇ ಇರೋದೇ ತಪ್ಪು ಅನ್ಸುತ್ತೆ.

ಹಾಗಾಗಿ ಯಾರ ಹತ್ರಾನೂ ಒಂದು ರೂಪಾಯಿ ಕೇಳೋ ಮುಂಚೆ ಆ ಸ್ಕೂಲಿಗೆ ಒಂದ್ಸಲ ಹೋಗಿ ಬಾ. ರಜಾ ಹಾಕಿದ್ರೂ ಪರವಾಗಿಲ್ಲ. ಟೀಚರ್ ಹತ್ರ ಕೂತು ಕೇಳು, ಈ ವರ್ಷ ಏನು ಬೇಕು, ಹಿಯರಿಂಗ್ ಏಡಾ, ಬ್ಯಾಟರೀನಾ, ವ್ಯಾನಿಗೆ ಡೀಸೆಲ್ಲಾ, ಟೀಚರ್ ಸಂಬಳಾನಾ. ಮೆಷಿನ್ ಕೊಡ್ಸೋರು ಸಿಗ್ತಾರೆ, ಅದಕ್ಕೆ ತಿಂಗಳು ತಿಂಗಳು ಬ್ಯಾಟರಿ ಹಾಕ್ಸೋರು ಸಿಗಲ್ಲ, ಇಂಥದ್ದು ಅಲ್ಲಿಗೆ ಹೋದ್ರೇನೇ ತಿಳಿಯೋದು. ಆಮೇಲೆ ನೀನು ಮೆಸೇಜ್ ಬರೆದಾಗ ಅದರಲ್ಲಿ ನಿನ್ನ ಟೈಮಿಂಗ್ ಬಗ್ಗೆ ಕಮ್ಮಿ, ಆ ಬ್ಯಾಟರಿ ಬಗ್ಗೆ ಜಾಸ್ತಿ ಇರುತ್ತೆ. ಮಕ್ಕಳ ಮುಖ ಕಾಣೋ ಫೋಟೋ ಹಾಕಿ ಅಯ್ಯೋ ಪಾಪ ಅನ್ನಿಸ್ಬೇಡ, ನಾಳೆ ಆ ಮಗು ದೊಡ್ಡದಾಗಿ ಅದನ್ನ ನೋಡಿದ್ರೆ ಅದಕ್ಕೆ ಹೇಗನ್ಸುತ್ತೆ ಯೋಚ್ನೆ ಮಾಡು.

ದುಡ್ಡು ನಿನ್ನ ಗೂಗಲ್ ಪೇಗೆ ಹಾಕಿಸ್ಕೋಬೇಡ, ಒಬ್ಬರದ್ದೂ ಬೇಡ, ನಂದೂ ಬೇಡ. ನೇರವಾಗಿ ಸಂಸ್ಥೆ ಅಕೌಂಟಿಗೆ ಹೋಗೋ ಲಿಂಕ್ ಕಳ್ಸು. ನಿನ್ನ ಮೇಲೆ ಅನುಮಾನ ಅಂತಲ್ಲ, ನಿನ್ನ ಅಕೌಂಟಿಗೆ ಬಂದ್ರೆ ಕೊಟ್ಟೋರ ಹೆಸರಿಗೆ ರಸೀದಿ ಬರಲ್ಲ. 80ಜಿ, ಅಂದ್ರೆ ದಾನಕ್ಕೆ ಟ್ಯಾಕ್ಸ್ ವಿನಾಯ್ತಿ ಕೊಡ್ಸೋ ಮಾನ್ಯತೆ, ಇರೋ ಸಂಸ್ಥೆ ಆಗಿದ್ರೆ ದುಡ್ಡು ಕೊಟ್ಟೋರು ತಮ್ಮ ಪ್ಯಾನ್ ನಂಬರ್ ಕೊಟ್ರೆ ವಿನಾಯ್ತಿ ಸಿಗುತ್ತೆ, ಆದ್ರೆ ಹೊಸ ಟ್ಯಾಕ್ಸ್ ರೆಜೀಮ್ ತಗೊಂಡಿರೋರಿಗೆ ಅದು ಇಲ್ಲ, ನಗದು ಕೊಡೋದಾದ್ರೆ 2000 ರೂಪಾಯಿಗಿಂತ ಮೇಲೆ ಕೊಟ್ಟಿದ್ದಕ್ಕೂ ಇಲ್ಲ. ಇನ್ನೊಂದು, ಓಟ ಇರೋದು ಏಪ್ರಿಲಲ್ಲಿ, ಮಾರ್ಚ್ 31ರ ಒಳಗೆ ಕೊಟ್ಟಿದ್ದು ಈ ಹಣಕಾಸು ವರ್ಷಕ್ಕೆ ಬರುತ್ತೆ, ಏಪ್ರಿಲಲ್ಲಿ ಕೊಟ್ಟಿದ್ದು ಮುಂದಿನ ವರ್ಷಕ್ಕೆ ಹೋಗುತ್ತೆ. ಇದನ್ನ ಮೊದಲೇ ಹೇಳಿಬಿಡು, ಬ್ಯಾಂಕಲ್ಲಿ ಇದ್ದಾಗ ನೋಡಿದೀನಿ, ರಿಟರ್ನ್ ಹಾಕೋ ಟೈಮಲ್ಲಿ ರಸೀದಿ ಸಿಗ್ಲಿಲ್ಲ ಅಂದ್ರೆ ಕೊಟ್ಟ ಖುಷಿ ಎಲ್ಲಾ ಹೋಗಿ ಜನಕ್ಕೆ ಬೇಜಾರು ಉಳ್ಕೊಳುತ್ತೆ.

ಕೇಳೋದಕ್ಕೆ ಸಂಕೋಚ ಬೇಡ, ಆದ್ರೆ ಯಾರನ್ನ ಕೇಳ್ತೀಯ ಅನ್ನೋದು ನೋಡ್ಕೊ. ಆಫೀಸ್ ಗ್ರೂಪಲ್ಲಿ ಇವರಿವರು ಇಷ್ಟಿಷ್ಟು ಕೊಟ್ರು ಅಂತ ಲಿಸ್ಟ್ ಹಾಕ್ಬೇಡ, ಅದು ಕೊಡದೇ ಇರೋರ ಮೇಲೆ ಕೈ ತೋರಿಸಿದ ಹಾಗೆ. ನಿಮ್ಮ ಕೈಕೆಳಗೆ ಕೆಲಸ ಮಾಡೋ ಹುಡುಗ್ರು, ಅಪಾರ್ಟ್‌ಮೆಂಟ್ ಸೆಕ್ಯುರಿಟಿ, ಮನೆಕೆಲಸದೋರು, ಇವರ್ಯಾರನ್ನೂ ಕೇಳ್ಬೇಡ, ಇಲ್ಲ ಅನ್ನೋ ಸ್ವಾತಂತ್ರ್ಯ ಅವರಿಗೆ ಇರಲ್ಲ. ಅವರಾಗೇ ಬಂದು ಹತ್ತು ರೂಪಾಯಿ ಕೊಟ್ರೆ ಮಾತ್ರ ಎರಡೂ ಕೈಲಿ ತಗೊಂಡು ಅವರ ಮುಂದೇನೇ ಲಿಂಕಿಗೆ ಹಾಕು.

ಟೆರಿ ಫಾಕ್ಸ್ ಹೆಸರು ಕೇಳಿದೀಯಾ? ಕೆನಡಾದ ಹುಡುಗ, ಹದಿನೆಂಟಕ್ಕೆ ಕ್ಯಾನ್ಸರಿಂದ ಬಲಗಾಲು ಕಳ್ಕೊಂಡ. 1980ರಲ್ಲಿ ಕೃತಕ ಕಾಲು ಹಾಕ್ಕೊಂಡು ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡ್ತೀನಿ ಅಂತ ಹೊರಟ, ಹೆಚ್ಚುಕಮ್ಮಿ ದಿನಕ್ಕೊಂದು ಮ್ಯಾರಥಾನ್, 143 ದಿನಕ್ಕೆ 5,373 ಕಿಲೋಮೀಟರ್. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದೆ ಅಂತ ಗೊತ್ತಾಗಿ ನಿಲ್ಲಿಸ್ಬೇಕಾಯ್ತು, ಮುಂದಿನ ವರ್ಷ ಜೂನಲ್ಲಿ ತೀರ್ಕೊಂಡ, 22 ವರ್ಷ ಅಷ್ಟೇ ಪಾಪ. ಅವನು ಕೇಳಿದ್ದು ಕೆನಡಾದ ಪ್ರತಿಯೊಬ್ಬರಿಂದ ಒಂದು ಡಾಲರ್, ಬದುಕಿದ್ದಾಗಲೇ ಅದು ಈಡೇರಿತು. ಕಂಪನಿಗಳು ಅವನನ್ನ ಇಟ್ಕೊಂಡು ಜಾಹೀರಾತು ಮಾಡಕ್ಕೆ ಬಂದಾಗ ಬೇಡ ಅಂದುಬಿಟ್ಟ, ಕ್ಯಾನ್ಸರ್ ಸಂಶೋಧನೆಗೆ ಅಂತ ತಗೊಂಡಿದ್ದು ಅದಕ್ಕೇ ಹೋಗ್ಬೇಕು ಅನ್ನೋದು ಅವನ ಹಟ. ಅವನ ಹೆಸರಲ್ಲಿ ನಡೆಯೋ ಓಟದಲ್ಲಿ ಗೆದ್ದೋರು ಅಂತಾನೇ ಇಲ್ಲ, ಬಹುಮಾನಾನೂ ಇಲ್ಲ. ನಮ್ಮ ವಯಸ್ಸಿನೋರಿಗೆ ಆ ಹುಡುಗನ್ನ ನೆನೆಸ್ಕೊಂಡ್ರೆ ಈಗಲೂ ಗಂಟಲು ಕಟ್ಟುತ್ತೆ.

ಇನ್ನು ಓಟದ ದಿನದ್ದು. ಬಿಬ್, ಅಂದ್ರೆ ಎದೆ ಮೇಲೆ ಪಿನ್ ಹಾಕ್ಕೊಳೋ ನಂಬರ್ ಚೀಟಿ, ತಗೊಳಕ್ಕೆ ಐಡಿ ಕಾರ್ಡ್ ತಗೊಂಡು ನೀನೇ ಹೋಗು. ಬಿಬ್ ಹಿಂದೆ ಹೆಸರು, ಬ್ಲಡ್ ಗ್ರೂಪು, ಎಮರ್ಜೆನ್ಸಿಗೆ ಯಾರ ನಂಬರು, ಏನಾದ್ರೂ ಅಲರ್ಜಿ ಇದ್ಯಾ ಅಂತ ಬರೆಯೋ ಜಾಗ ಇದ್ರೆ ಅಲ್ಲೇ ನಿಂತು ಬಾಲ್‌ಪೆನ್ನಲ್ಲಿ ತುಂಬು, ಬೆವರಿಗೆ ಅಳಿಸೋ ಇಂಕ್ ಬೇಡ. ನಿಂಗೆ ಹೋಗಕ್ಕೆ ಆಗ್ಲಿಲ್ಲ ಅಂದ್ರೂ ಆ ಬಿಬ್ಬನ್ನ ಫ್ರೆಂಡಿಗೆ ಕೊಟ್ಟು ಓಡಿಸ್ಬೇಡ. ಅವಳು ದಾರೀಲಿ ಬಿದ್ರೆ ಮೆಡಿಕಲ್ ಟೆಂಟಲ್ಲಿ ನಿನ್ನ ಬ್ಲಡ್ ಗ್ರೂಪ್ ನೋಡ್ತಾರೆ, ನಿಮ್ಮಮ್ಮಂಗೆ ಫೋನ್ ಹೋಗುತ್ತೆ. ಅದೇ ಬಿಬ್ಬಲ್ಲಿ ಚಿಪ್ ಇರುತ್ತೆ, ನೀನು ಸ್ಟಾರ್ಟ್ ಮ್ಯಾಟ್ ದಾಟಿದ ಮೇಲೇನೇ ನಿನ್ನ ಟೈಮ್ ಶುರು, ಹಾಗಾಗಿ ಮುಂದೆ ನುಗ್ಗೋ ಅವಶ್ಯಕತೆ ಇಲ್ಲ, ನಿನ್ನ ಸ್ಪೀಡಿನೋರ ಜೊತೆ ಹಿಂದೆ ನಿಂತ್ಕೊ. ಹೊಸ ಶೂ, ಅವರು ಕೊಡೋ ಹೊಸ ಟೀ ಶರ್ಟು ಎರಡೂ ಅವತ್ತು ಮೊದಲನೇ ಸಲ ಹಾಕ್ಬೇಡ, ಉಜ್ಜಿ ಚರ್ಮ ಕಿತ್ತು ಬರುತ್ತೆ. ನೋವಿನ ಮಾತ್ರೆ ನುಂಗಿ ಓಡೋ ಅಭ್ಯಾಸ ಕೆಲವರಿಗಿದೆ, ಬೆವರು ಹರೀತಿರೋವಾಗ ಬ್ರೂಫೆನ್ ಥರದ್ದು ಕಿಡ್ನಿಗೆ ಪೆಟ್ಟು ಕೊಡುತ್ತೆ, ದಮ್ಮಯ್ಯ ಬೇಡ. ಭಾನುವಾರ ಮೆಟ್ರೊ ಮಾಮೂಲಾಗಿ 7 ಗಂಟೆಗೆ ಶುರು, ಓಟದ ದಿನ ಬೇಗ ಬಿಟ್ಟಿರೋದೂ ಉಂಟು, ಹಿಂದಿನ ದಿನಾನೇ ನೋಡ್ಕೊ.

ನೀರಿನ ಟೇಬಲ್ ನನ್ನ ಜಾಗ, ಅದರ ಬಗ್ಗೆ ಹೇಳ್ಲೇಬೇಕು. ಬರೋರೆಲ್ಲಾ ಮೊದಲನೇ ಟೇಬಲಿಗೇ ಮುತ್ಕೋತಾರೆ, ಅಲ್ಲಿ ಕೈಗೆ ಕೈ ತಾಗಿ ಅರ್ಧ ನೀರು ನಮ್ಮ ಮೈಮೇಲೆ. ಕೊನೇ ಟೇಬಲ್ ಖಾಲಿ ಇರುತ್ತೆ, ಸೀದಾ ಅಲ್ಲಿಗೆ ಹೋಗು. ಲೋಟ ತಗೊಂಡು ಪಕ್ಕಕ್ಕೆ ಸರಿದು ನಡ್ಕೊಂಡು ಕುಡಿ, ರೋಡ್ ಮಧ್ಯೆ ಎಸೀಬೇಡ, ಒದ್ದೆ ರೋಡಲ್ಲಿ ಲೋಟ ತುಳಿದು ಜಾರಿ ಬಿದ್ದು ಮುಂಗೈ ಮುರ್ಕೊಂಡೋರನ್ನ ಎತ್ತಿ ಕೂರಿಸಿದೀನಿ ನಾನು. ನೀವೆಲ್ಲಾ ಮೆಡಲ್ ಹಾಕ್ಕೊಂಡು ತಿಂಡಿಗೆ ಹೋದ ಮೇಲೆ ಅದನ್ನ ಬಗ್ಗಿ ಬಗ್ಗಿ ಆರಿಸೋರು ಪೌರಕಾರ್ಮಿಕರು, ಹೆಚ್ಚಿನೋರು ನಿಮ್ಮಮ್ಮನ ವಯಸ್ಸಿನ ಹೆಂಗಸರು. ಪ್ರತಿ ಟೇಬಲಲ್ಲೂ ಹೊಟ್ಟೆ ತುಂಬಾ ಕುಡೀಬೇಡ, ಬಾಯಾರಿದಷ್ಟು ಕುಡಿ. ಬರೀ ನೀರು ಅತಿಯಾದ್ರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆ ಸುತ್ತಿ ವಾಂತಿ ಆಗುತ್ತೆ, ಅದನ್ನ ನೀರು ಸಾಲ್ದು ಅಂತ ತಿಳ್ಕೊಂಡು ಇನ್ನೂ ಕುಡಿಸ್ತಾರೆ. ಓಆರ್‌ಎಸ್ ದೊಡ್ಡ ಪ್ಯಾಕೆಟ್ ಕಲಸ್ಬೇಕಾಗಿರೋದು ಒಂದು ಲೀಟರ್ ನೀರಿಗೆ, ಒಂದು ಲೋಟಕ್ಕೆ ಪೂರ್ತಿ ಸುರ್ಕೊಂಡು ಕುಡಿಯೋದು ಕೆಟ್ಟದ್ದು. ಎದೆ ಬಿಗಿದ್ರೆ, ಕಣ್ಣು ಕತ್ತಲೆ ಬಂದ್ರೆ ಅಲ್ಲೇ ನಿಂತು ಕೈ ಎತ್ತು. ಎಲ್ಲೇ ನಿಲ್ಲಿಸಿದ್ರೂ ಸ್ಕೂಲಿಗೆ ಬಂದ ದುಡ್ಡು ವಾಪಸ್ ಹೋಗಲ್ಲ.

ಮುಗಿದ ಮೇಲೆ ಮೆಡಲ್ ಫೋಟೋ ಧಾರಾಳವಾಗಿ ಹಾಕು, ಕಷ್ಟಪಟ್ಟಿದೀಯ. ಅದರ ಜೊತೆಗೆ ಕೊಟ್ಟ ಒಬ್ಬೊಬ್ಬರಿಗೂ ಬೇರೆ ಬೇರೆ ಮೆಸೇಜ್ ಬರಿ, ಒಟ್ಟು ಎಷ್ಟು ಆಯ್ತು, ಸ್ಕೂಲಿನೋರು ಅದರಲ್ಲಿ ಏನು ತಗೊಂಡ್ರು ಅಂತ. ಜೂನಲ್ಲಿ ಸ್ಕೂಲು ಶುರು ಆದ ಮೇಲೆ ಹೋಗಿ ಕಣ್ಣಾರೆ ನೋಡ್ಕೊಂಡು ಬಂದು ಬರೆದ್ರೆ ಇನ್ನೂ ಒಳ್ಳೇದು.

ಅಕ್ಕನ್ನೂ ಎಳ್ಕೊಂಡು ಬಾ. ಮಜಾ ರನ್ ಅಂತ ಸುಮಾರು 5 ಕಿಲೋಮೀಟರ್‌ದು ಇರುತ್ತಲ್ಲ, ಅದರಲ್ಲಿ ಆರಾಮಾಗಿ ನಡೀಬೋದು, ಮಂಡಿ ನೋವು ಅಂತ ನೆಪ ಹೇಳ್ತಾಳೆ, ಈಗಿಂದಾನೇ ದಿನಾ ಅರ್ಧ ಗಂಟೆ ನಡೆಸು. ನಂದೂ ನಿಮ್ಮತ್ತೇದೂ ಸೇರಿ 5000 ರೂಪಾಯಿ ಕೊಡ್ತೀವಿ, ನಾನು ಇನ್ನೂ ಹಳೇ ರೆಜೀಮಲ್ಲೇ ಇದೀನಿ, ಅದಕ್ಕೆ ಮಾರ್ಚ್ ಮುಗಿಯೋ ಒಳಗೆ ಸ್ಕೂಲಿನ ಲಿಂಕ್ ಕಳ್ಸು. ಅದಕ್ಕೂ ಮುಂಚೆ ಬ್ಲಡ್ ಟೆಸ್ಟ್ ರಿಪೋರ್ಟ್ ಕಳ್ಸು, ಅದು ನೋಡದೆ ನಾನು ದುಡ್ಡು ಹಾಕಲ್ಲ.

ನಿನ್ನ ಮಾಮ