ಜೇಡ್ ಜೀರುಂಡೆ ಬರೀ ಅಲಂಕಾರವಲ್ಲ

ಮಾನ್ಯ ಸಂಪಾದಕರೇ,

ಜೇಡ್ ಎಂಬ ಗಟ್ಟಿ ಕಲ್ಲಿನಲ್ಲಿ ಮಾಡಿದ ಹಳೆಯ ಚೀನೀ ಪ್ರಾಣಿ ಆಕೃತಿಗಳನ್ನೆಲ್ಲ ‘ಅದೃಷ್ಟದ ಹರಳು’ ಎಂದು ಮಾರುವುದು ಬೇಸರದ ಸಂಗತಿ. ಚೀನಾದ ಹಾನ್ ರಾಜವಂಶದ ಕಾಲದಲ್ಲಿ (ಕ್ರಿ.ಪೂ. 206–ಕ್ರಿ.ಶ. 220) ಶವದ ನಾಲಗೆಯ ಮೇಲೆ ಜೇಡ್ ಜೀರುಂಡೆ, ಕೈಗಳಲ್ಲಿ ಹಂದಿ ಇಡುತ್ತಿದ್ದರು. ಮಣ್ಣಿನಿಂದೆದ್ದು ಪೊರೆ ಕಳಚುವ ಜೀರುಂಡೆ ಮರುಹುಟ್ಟಿನ ಸಂಕೇತ, ಹಂದಿ ಸಂಪತ್ತಿನದು. ಬಾಯಲ್ಲಿಡುವ ಜೀರುಂಡೆಗೆ ಸಾಮಾನ್ಯವಾಗಿ ದಾರದ ತೂತು ಇರುವುದಿಲ್ಲ. ಇದ್ದರೆ ಅದು ಧರಿಸುವ ಒಡವೆ.

ಜೇಡ್‌ನ ಒಂದು ಬಗೆಯಾದ ನೆಫ್ರೈಟ್ ಉಳಿಗೆ ಬಗ್ಗದ ಕಲ್ಲು. ಗಟ್ಟಿ ಮರಳು, ನೀರು ಹಾಕಿ ಸವೆಸಿಯೇ ರೂಪ ಕೊಡಬೇಕು. ನಕಲುಗಳನ್ನು ಆಮ್ಲದಲ್ಲಿ ಅದ್ದಿ, ಬಿಸಿ ಮಾಡಿ, ಹಳೆಯದರಂತೆ ಕಾಣಲು ಕಂದು ಬಣ್ಣ ಕಟ್ಟುತ್ತಾರೆ. ಆ ಬಣ್ಣ ಬಿರುಕುಗಳಲ್ಲೇ ಹೆಚ್ಚಾಗಿ ನಿಂತುಬಿಡುತ್ತದೆ. ಚಾಕುವಿನಿಂದ ಗೀರಿ ನೋಡುವುದು ದಯವಿಟ್ಟು ಬೇಡ, ಹಳೆಯ ವಸ್ತು ಹಾಳಾಗುತ್ತದೆ. ಬದಲಿಗೆ ಗಾಳಿಯಲ್ಲೊಮ್ಮೆ, ನೀರಿನಲ್ಲೊಮ್ಮೆ ತೂಗಿ, ಆ ಎರಡು ತೂಕಗಳಿಂದ ಸಾಂದ್ರತೆ ಲೆಕ್ಕ ಹಾಕಿ: ನೆಫ್ರೈಟ್ ಸಾಂದ್ರತೆ ಸುಮಾರು 2.95 (ಗ್ರಾಂ/ಘನ ಸೆಂ.ಮೀ.), ಜೇಡ್‌ನಂತೆ ಕಾಣುವ ಸರ್ಪೆಂಟೈನ್ ಕಲ್ಲಿನದು 2.6ರ ಆಸುಪಾಸು.

– ಒಬ್ಬ ಓದುಗ